ಒಂದು ಸೇರು ತವಡಿನ ಮಗಳು

ನನ್ನ ಹಿರಿಯ ಮಗಳನ್ನು ನಾನು ಒಂದು ಸೇರು ತವಡಿಗೆ ಮಾರಿದ್ದೇನೆ. ಹೀಗೆಂದರೆ ಮೊಮ್ಮಕ್ಕಳು "ಖರೇನ ಆಯಿ?" ಎಂದು ಕಣ್ಣು ಕಣ್ಣು ಬಿಡುತ್ತವೆ. ಖರೇನೇ. ಹನ್ನೆರಡು ದಿನದ ಕೂಸನ್ನು ತಿಕೋಟಾದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ತಿಪ್ಪೆಯ ಮೇಲೆ, ಹಾಡಹಗಲು ಮಾರಿದೆ. ಮಾರಿಸಿದವರು ನನ್ನ ಅತ್ತೆ. ಕೊಂಡವಳು ಪಕ್ಕದ ಮನೆಯ ಒಕ್ಕಲಗಿತ್ತಿ. ಆ ಮಗಳಿಗೆ ಈಗ ತಲೆ ನರೆತಿದೆ. ನನ್ನ ಮೇಲೆ ಸಿಟ್ಟು ಬಂದರೆ ಇಂದಿಗೂ "ಮಾರಿದಾಕಿ ನೀ, ನಿನಗೇನ ಅಧಿಕಾರ?" ಎಂದು ಜಗಳ ತೆಗೆಯುತ್ತಾಳೆ. ಸಿಟ್ಟಿನಲ್ಲಿ ನನ್ನನ್ನೇ ಹೋಲುತ್ತಾಳೆ, ಯಾರನ್ನು ದೂರಲಿ?

ಐವತ್ತೆಂಟು-ಐವತ್ತೊಂಬತ್ತರ ಮಾತು. ನಮ್ಮ ಮನೆಯವರು ತಿಕೋಟಾ ಸಾಲಿಯಲ್ಲಿ ಮಾಸ್ತರರು. ಇವಳಿಗಿಂತ ಮೊದಲು ಎರಡು ಕೂಸು ಬಬಲೇಶ್ವರದ ನನ್ನ ತವರುಮನೆಯಲ್ಲಿ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿದ್ದವು. ಒಂದು ಒಂಬತ್ತು ದಿನ ಇತ್ತು, ಇನ್ನೊಂದು ನಾಲ್ಕೇ ದಿನ. ಎರಡನೆಯದಕ್ಕೆಂದು ಹೊಲಿದಿಟ್ಟ ಕುಂಚಿಗೆಯನ್ನು ಬಾಣಂತನಕ್ಕೆ ತಿಕೋಟಾಕ್ಕೇ ಬಂದಿದ್ದ ನಮ್ಮವ್ವ ಮೂರನೆಯದರ ತಲೆಗೆ ಕಟ್ಟಲು ಹೋದಾಗ ನಾನು ಕಿತ್ತು ಒಲೆಗೆ ಹಾಕಿದೆ. ಬಾಣಂತಿ ಎಂದು ಯಾರೂ ಬೈಯಲಿಲ್ಲ.

ಅತ್ತೆ ಅಂದೇ ಲೆಕ್ಕ ಹಾಕಿದ್ದರು. ಕೂಸು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ಮಾರಿಬಿಡಬೇಕಂತೆ. ಕೊಂಡವರು ಒಂದು ಸೇರು ತವಡು ಕೊಡಬೇಕು. ಆ ತವಡನ್ನು ಅರಿವೆಯಲ್ಲಿ ಗಂಟು ಕಟ್ಟಿ ಗೋಡೆಯ ಮಾಡದಲ್ಲಿ ಇಡಬೇಕು, ಐದು ವರ್ಷ ಬಿಚ್ಚಬಾರದು. ಅಲ್ಲಿಯವರೆಗೆ ಕೂಸು ಕೊಂಡವಳಿಗೆ ಅವ್ವ ಎನ್ನಬೇಕು. ಹೆತ್ತವಳು ಬರೀ ಸಾಕುವವಳು. ಸಾವು ಬಾಗಿಲಿಗೆ ಬಂದು ಕೇಳಿದರೆ "ನಮ್ಮದಲ್ಲೋ ಯಪ್ಪಾ, ಮಂದೀ ಕೂಸು" ಎಂದು ಹೇಳಲು ಬರಬೇಕು. ಐದು ತುಂಬಿದ ಮೇಲೆ ಅದೇ ತವಡನ್ನು ತಿರುಗಿ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು.

ನಮ್ಮ ಮನೆಯವರಿಗೆ ಇದು ಸೇರಲಿಲ್ಲ. "ಯವ್ವಾ, ಕೂಸಿಗೆ ದವಾಖಾನಿ ತೋರಸೂಣು. ತಿಪ್ಪಿ ತೋರಸೂದ ಬ್ಯಾಡ" ಎಂದರು. ಅತ್ತೆ ಬತ್ತಿ ಹೊಸೆಯುತ್ತ ಕೂತವರು ತಲೆ ಎತ್ತಲಿಲ್ಲ. "ನಿನ್ನ ಬುಕ್ಕಿನಾಗ ಎರಡ ಕೂಸು ಯಾಕ ಹೋದುವು ಅಂತ ಬರದೈತೇನ ಮಾಸ್ತರಾ? ಬರದಿದ್ರ ಓದಿ ಹೇಳು." ಅವರು ಅಂಗಿ ಹಾಕಿಕೊಂಡು ಸಾಲಿಗೆ ಹೋದರು. ನನಗಂತೂ ಆಗ ಯಾರು ಏನು ಹೇಳಿದರೂ ಮಾಡುವಂತಿತ್ತು. ಬಾವಿಯಲ್ಲಿ ಇಳಿದು ಹತ್ತು ಎಂದಿದ್ದರೆ ಇಳಿದು ಹತ್ತುತ್ತಿದ್ದೆ.

ಪಕ್ಕದ ಮನೆಯಾಕೆಗೆ ಆಗ ನಲವತ್ತರ ಆಸುಪಾಸು. ನಾನು ಆಕೆಗೆ ಯಕ್ಕಾ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಇದ್ದದ್ದು ಒಂದು ಎಮ್ಮೆ, ನಾಲ್ಕು ಕೂರಿಗೆ ಹೊಲ, ಹೊಲ ಬಿಟ್ಟು ಬಾರದ ಗಂಡ. ಅತ್ತೆ ಕೂಸನ್ನು ಕಾಳು ಕೇರುವ ಮರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, "ನಿಲ್ಲದ ಮನಿ ಕೂಸ ಐತಿ. ಯಾರರ ತಗೋತೀರೇನ?" ಎಂದು ಕೂಗಿದರು. ಆಕೆ ಕಟ್ಟಿಟ್ಟ ತವಡಿನ ಗಂಟು ಹಿಡಿದು ಮೊದಲೇ ನಿಂತಿದ್ದಳು. "ನಾ ತಗೋತೀನ್ರಿ. ಒಂದ ಸೇರ ತವಡ ಕೊಡ್ತೀನಿ." ನಾನು "ಕೊಟ್ಟೀನಿ" ಎಂದೆ. ಆಕೆ ಕೂಸನ್ನು ಎತ್ತಿಕೊಂಡಳು. ಎಷ್ಟು ಹೊತ್ತು ಎದೆಗೆ ಹಿಡಿದು ನಿಂತಳೋ, ಕಡೆಗೆ ಅತ್ತೆಯೇ ಕೆಮ್ಮಿದರು. ಆಗ ನನ್ನ ಉಡಿಯಲ್ಲಿ ಹಾಕಿ, "ಜ್ವಾಕಿ ಮಾಡಬೇ ತಂಗಿ, ನನ್ನ ಮಗಳದಾಳ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೂಸು ನಿಂತಿತು. ಮಾರುವ ಮೊದಲೇ, ಒಂಬತ್ತನೆಯ ದಿನ ದಾಟಿದಾಗ ಒಮ್ಮೆ ಅತ್ತಿದ್ದೆ, ತಿಂಗಳು ದಾಟಿದಾಗ ಇನ್ನೊಮ್ಮೆ. ಹರಿದಾಡಿತು, ನಿಂತಿತು, ಎರಡೂ ಮನೆಯ ನಡುವಿನ ಮಣ್ಣಿನ ಗೋಡೆ ಒಂದು ಕಡೆ ಕುಸಿದಿತ್ತಲ್ಲ, ಆ ಸಂದಿಯಲ್ಲಿ ನುಸುಳುವುದನ್ನು ನಡೆಯುವುದಕ್ಕಿಂತ ಮೊದಲೇ ಕಲಿತಿತು. ಬಾಯಿ ಬಂದಾಗ ಮೊದಲ ಮಾತು "ಅವ್ವಾ". ಅದನ್ನು ಗೋಡೆಯ ಆಚೆಗೆ ಮುಖ ಮಾಡಿ ಹೇಳಿತು. ನನ್ನನ್ನು ಓಣಿಯ ಹುಡುಗರೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ಅತ್ತೆ ಅದನ್ನೇ ಕಲಿಸಿದರು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನನ್ನ ಮುಖ ನೋಡಿ "ವೈನೀ, ಹಸಿವಿ" ಎನ್ನುತ್ತಿದ್ದಳು. ನಾನು ರೊಟ್ಟಿ ಮುರಿದು ಹಾಲಲ್ಲಿ ನೆನೆಹಾಕಿ ಕೊಡುತ್ತಿದ್ದೆ. ಆ ಹಾಲೂ ಯಕ್ಕನ ಎಮ್ಮೆಯದೇ.

ಹೊಟ್ಟೆಕಿಚ್ಚು ಪಟ್ಟೆನೇ ಎಂದರೆ, ಪಟ್ಟೆ. ಸುಳ್ಳು ಯಾಕೆ ಹೇಳಲಿ? ಹೇನು ಹೆಕ್ಕುವುದು ನನ್ನ ಪಾಲು, ಮೂಗು ಒರೆಸುವುದು ನನ್ನ ಪಾಲು, ಹರಳೆಣ್ಣೆ ಕುಡಿಸಲು ಕಾಲಲ್ಲಿ ಇರುಕಿಸಿಕೊಂಡು ಒದೆಸಿಕೊಳ್ಳುವುದೂ ನನ್ನ ಪಾಲು. ಮುದ್ದೆಲ್ಲ ಗೋಡೆಯಾಚೆ. ಯಕ್ಕ ರೊಟ್ಟಿ ಬಡಿಯುವಾಗ ಕೊನೆಗೆ ಉಳಿದ ಹಿಟ್ಟಿನಲ್ಲಿ ಅಂಗೈಯಗಲದ ಒಂದು ಪುಟ್ಟ ರೊಟ್ಟಿ ಬಡಿದು, ಅದರ ಮೇಲೆ ಬೆಣ್ಣೆ ಸವರಿ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ದೊಡ್ಡ ರೊಟ್ಟಿ ಬಿಟ್ಟು ಏಳುವ ಹುಡುಗಿ ಅದಕ್ಕಾಗಿ ಓಡುತ್ತಿದ್ದಳು. ನಾನೂ ಒಂದು ದಿನ ಪುಟ್ಟ ರೊಟ್ಟಿ ಬಡಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದು ಸಣ್ಣದಲ್ಲ ವೈನಿ, ಹರದೈತಿ" ಎಂದಳು.

ಪಂಚಮಿಗೆ ಬಬಲೇಶ್ವರಕ್ಕೆ ಕರೆದೊಯ್ದೆ. ತವರಲ್ಲಾದರೂ ನನ್ನವಳಾಗಲಿ ಎಂಬ ದುರಾಸೆ. ಜೋಕಾಲಿಯ ಮೇಲೆ ಕೂಡಿಸಿದರೂ ಅಳು, ಜೋಳದ ಅಳ್ಳಿನ ಬಟ್ಟಲು ಕೈಗೆ ಕೊಟ್ಟರೂ ಅಳು. ಮೂರು ದಿನ "ಅವ್ವ ಬೇಕು, ಅವ್ವ ಬೇಕು". ನಮ್ಮವ್ವ ನನ್ನನ್ನು ತೋರಿಸಿ, "ಇಲ್ಲೇ ಅದಾಳಲ್ಲಬೇ ನಿಮ್ಮವ್ವ!" ಎಂದರೆ, "ಆಕಿ ವೈನಿ" ಎಂದು ಇನ್ನಷ್ಟು ಜೋರು. ನಾಲ್ಕನೆಯ ದಿನ ಬಸ್ಸು ಹತ್ತಿಸಿಕೊಂಡು ಬಂದೆ. ಅವಳು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಆರಾಮವಾಗಿ ನಿದ್ದೆ ಮಾಡಿದಳು.

ಆಮೇಲೆ ಆ ಮಧ್ಯಾಹ್ನ. ಅವಳಿಗೆ ಮೂರು ತುಂಬಿತ್ತು, ನನ್ನದು ಎರಡನೆಯ ಬಸಿರು ಎಂದು ಓಣಿ ಹೇಳುತ್ತಿತ್ತು, ಲೆಕ್ಕಕ್ಕೆ ನಾಲ್ಕನೆಯದು. ರೊಟ್ಟಿ ಬಡಿಯುತ್ತಿದ್ದೆ. ಕಟ್ಟೆಯ ಮೇಲಿಂದ ಹುಡುಗಿ ಧೊಪ್ಪೆಂದು ಬಿದ್ದ ಸಪ್ಪಳ ಕೇಳಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಮೊಣಕಾಲು ಕೆತ್ತಿ ರಕ್ತ ಬರುತ್ತಿತ್ತು. ಕೂತು ಎರಡೂ ಕೈ ಚಾಚಿದೆ. ಅವಳು ಎದ್ದು, ನನ್ನ ಕೈ ಪಕ್ಕದಿಂದಲೇ ಹಾದು, ಕುಂಟುತ್ತ, "ಅವ್ವಾ! ಅವ್ವಾ!" ಎಂದು ಗೋಡೆಯ ಸಂದಿಯಲ್ಲಿ ನುಸುಳಿ ಹೋದಳು. ನಾನು ಹಾಗೇ ಕೂತಿದ್ದೆ. ಕೈಗೆ ಹತ್ತಿದ ಹಿಟ್ಟು ಒಣಗಿತು. ಒಳಗೆ ರೊಟ್ಟಿ ಸೀದ ವಾಸನೆ.

ನನಗೆ ಸಿಟ್ಟು ಬಂದರೆ ಕಣ್ಣು ಕಾಣುವುದಿಲ್ಲ. ಎದ್ದು ಒಳಗೆ ಹೋದೆ, ಮಾಡದಲ್ಲಿದ್ದ ಗಂಟು ಎಳೆದುಕೊಂಡೆ. ಹಿತ್ತಲಿಗೆ ಬಂದೆ. ಯಕ್ಕನ ಎಮ್ಮೆ ಗೋಡೆಯ ಆಚೆ ಕಟ್ಟಿತ್ತು. ಗಂಟು ಬಿಚ್ಚಿ ಅದರ ಮುಂದೆ ಸುರಿದೆ. "ತಿನ್ನು, ನೀನರ ತಿಂದು ದೊಡ್ಡಾಕಿ ಆಗು! ಇದರ ಸಲುವಾಗಿ ಮಗಳನ್ನ ಮಾರೀನಿ!" ಎಮ್ಮೆಗೇನು, ಮೂರು ವರ್ಷದ ತವಡಾದರೂ ಬುಸುಬುಸು ಎಂದು ತಿಂದಿತು, ಅರಿವೆಯನ್ನೂ ನೆಕ್ಕಿತು. ಅದು ನೆಲ ನೆಕ್ಕುವ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಕೂಸಿನ ಜೀವ ಕಟ್ಟಿಟ್ಟ ಗಂಟು ಅದು. ನಾನೇ ಬಿಚ್ಚಿದ್ದೆ.

ಯಾರಿಗೆ ಹೇಳಲಿ? ಅತ್ತೆಗೆ ಹೇಳಿದರೆ ಅವರ ಎದೆಯೇ ಒಡೆದೀತು. ಚಪಾತಿಯ ಹಿಟ್ಟು ಸಾಣಿಸಿದಾಗ ಉಳಿದ ತವಡು ಡಬ್ಬಿಯಲ್ಲಿತ್ತು. ಅದನ್ನೇ ಅಳೆದು ಅದೇ ಅರಿವೆಯಲ್ಲಿ ಕಟ್ಟಿ, ಮಾಡದಲ್ಲಿ ಅದೇ ಜಾಗದಲ್ಲಿ ಇಟ್ಟೆ. ತವಡೆಂದರೆ ತವಡು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಅಂದಿನಿಂದ ಹುಡುಗಿ ಒಂದು ಸಲ ಕೆಮ್ಮಿದರೂ ನನ್ನ ಕಣ್ಣು ಮಾಡದ ಕಡೆ ಹೋಗುತ್ತಿತ್ತು.

ಮಗ ಹುಟ್ಟಿದ. ಅವನನ್ನು ಮಾರುವ ಮಾತು ಬರಲಿಲ್ಲ. ಅಕ್ಕ ನಿಂತಳಲ್ಲ, ದಾರಿ ಆಯಿತು ಎಂದರು ಅತ್ತೆ. ಅವನು ನನಗೆ "ಅವ್ವಾ" ಎಂದಾಗ ಹಿಗ್ಗಿ ಹೀರೇಕಾಯಿಯಾದೆ. ಎಷ್ಟು ದಿನ? ಅಕ್ಕ ಅವನನ್ನು ಎದುರಿಗೆ ಕೂಡಿಸಿಕೊಂಡು, ಸಾಲಿಯ ಮಾಸ್ತರರ ಮಗಳಲ್ಲವೇ, ಬೆರಳು ತೋರಿಸಿ ಪಾಠ ಮಾಡಿದಳು. "ಅವ್ವ ಆಕಡೆ ಅದಾಳ. ಇಕಿ ವೈನಿ. ಅನ್ನಲೇ, ವೈನಿ." ಅವನೂ "ವೈನಿ" ಎಂದ. ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರು. "ಒಂದಕ್ಕ ಎರಡ ಆತ ನೋಡು." ಲಟ್ಟಣಿಗೆ ಕೈಯಲ್ಲಿತ್ತು, ಪುಣ್ಯ ಅವರದು, ಎಸೆಯಲಿಲ್ಲ.

ಐದು ತುಂಬುವ ವರ್ಷವೇ ಅವರಿಗೆ ವಿಜಾಪುರಕ್ಕೆ ವರ್ಗವಾಯಿತು. ಹೊರಡುವ ಮೊದಲು ಕೂಸನ್ನು ಬಿಡಿಸಿಕೊಳ್ಳಬೇಕು. ಮತ್ತೆ ಅದೇ ತಿಪ್ಪೆ, ಅದೇ ಹೆಂಗಸರು. ಹುಡುಗಿ ಹೊಸ ಪರಕಾರ ಉಟ್ಟು, ತಿಪ್ಪೆಯ ಮೇಲೆ ಯಾಕೆ ನಿಲ್ಲಿಸಿದ್ದಾರೆಂದು ತಿಳಿಯದೆ ಯಕ್ಕನ ಬೆರಳು ಹಿಡಿದು ನಿಂತಿದ್ದಳು. ನಾನು ಗಂಟು ಚಾಚಿದೆ. ಯಕ್ಕ ಗಂಟನ್ನು ಅಂಗೈಯಲ್ಲಿ ಇಟ್ಟು ತೂಗಿದಳು. ಮೂಗಿನ ಹತ್ತಿರ ತಂದಳು. ನನ್ನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸೆರಗು ಸರಿಮಾಡಿಕೊಂಡೆ.

"ಮುಟ್ಟಿತು" ಎಂದಳು ಯಕ್ಕ. ಬೆರಳು ಬಿಡಿಸಿಕೊಂಡು ಹುಡುಗಿಯನ್ನು ನನ್ನ ಕಡೆ ನೂಕಿದಳು. "ಹೋಗಬೇ. ಇನ್ನ ಆಕಿ ನಿಮ್ಮವ್ವ, ನಾ ದೊಡ್ಡವ್ವ." ಹೇಳಿ ಮುಗಿಸುವ ಮೊದಲೇ ಗೋಡೆಯ ಕಡೆ ತಿರುಗಿದ್ದಳು. ಬಸ್ಸು ಹತ್ತಿಸಲು ಸ್ಟ್ಯಾಂಡಿಗೆ ಬರಲಿಲ್ಲ.

ವಿಜಾಪುರದ ಮನೆಯಲ್ಲಿ ನಳ ಇತ್ತು, ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತಿತ್ತು. ಹುಡುಗಿಗೆ ಯಾವುದೂ ಬೇಕಾಗಲಿಲ್ಲ. ಅಳಲೂ ಇಲ್ಲ, ಅದೇ ನನ್ನನ್ನು ಹೆದರಿಸಿತು. ವೈನಿ ಎನ್ನಬಾರದು ಎಂದು ಅತ್ತೆ ಹೇಳಿದ್ದರು, ಅವ್ವ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹಸಿವಾದರೆ ಬಂದು ನನ್ನ ಸೀರೆ ಜಗ್ಗುತ್ತಿದ್ದಳು. ನೀರು ಬೇಕಾದರೂ ಸೀರೆ ಜಗ್ಗುವುದು, ಹೊರಕಡೆಗೆ ಹೋಗಬೇಕಾದರೂ ಸೀರೆ ಜಗ್ಗುವುದು. ಐದು ವರ್ಷ ಕಾದೆನಲ್ಲ, ಆ ಒಂದು ಮಾತಿಗೆ, ಕಡೆಗೆ ಸಿಕ್ಕಿದ್ದು ಇದು. "ವೈನಿ ಅಂತನಾರ ಅನ್ನಬೇ" ಎಂದು ಒಮ್ಮೆ ಬೇಡಿಕೊಂಡೆ. ತಲೆ ತಗ್ಗಿಸಿ ಮತ್ತೆ ಸೀರೆ ಜಗ್ಗಿದಳು.

ತಿಂಗಳಾಗಿರಲಿಲ್ಲ, ಜ್ವರ ಬಂತು. ಡಾಕ್ಟರು ಬಾಟಲಿಯಲ್ಲಿ ಕೆಂಪು ಔಷಧ ಕೊಟ್ಟು, ಇಳಿಯುತ್ತದೆ ಎಂದರು. ಇಳಿಯಲಿಲ್ಲ. ನಾಲ್ಕನೆಯ ದಿನ ರವಿವಾರ. ಬೆಳಗ್ಗೆ ಹಣೆ ಮುಟ್ಟಿದರೆ ಹಂಚಿನ ಹಾಗೆ. ನನಗೆ ಒಂಬತ್ತು ದಿನದ ಕೂಸು ನೆನಪಾಯಿತು, ನಾಲ್ಕು ದಿನದ್ದು ನೆನಪಾಯಿತು. ಅಡುಗೆ ಮನೆಯಲ್ಲಿ ನಮ್ಮ ಮನೆಯವರ ಕೈ ಹಿಡಿದು ಎಲ್ಲ ಹೇಳಿಬಿಟ್ಟೆ. ಎಮ್ಮೆ, ತವಡು, ಸುಳ್ಳು ಗಂಟು.

"ತವಡಿಗೂ ಜ್ವರಕ್ಕೂ ಏನ ಸಂಬಂಧ? ಹುಚ್ಚೀ ಅದಿಯೇನ?" ಎಂದರು. ಆಮೇಲೆ ನನ್ನ ಮುಖ ನೋಡಿ ಧ್ವನಿ ಇಳಿಸಿದರು. "ತಿಕೋಟಾಕ್ಕ ಹೋಗಿ ಬಾ. ನಾ ಕುಂದರತೀನಿ ಆಕಿ ಹತ್ರ. ನಿನಗ ಸಮಾಧಾನ ಆಗೂದು ಮುಖ್ಯ." ಮದುವೆಯಾದ ಮೇಲೆ ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದ ದಿನ ಬೇರೆ ಇಲ್ಲ.

ತಿಕೋಟಾದಲ್ಲಿ ಬಸ್ಸಿಳಿದು ಓಡುತ್ತಲೇ ಹೋದೆ. ಯಕ್ಕ ಒಲೆಯ ಮುಂದಿದ್ದಳು. ಹಂಚಿನ ಮೇಲೆ ಅಂಗೈಯಗಲದ ಒಂದು ಪುಟ್ಟ ರೊಟ್ಟಿ ಬೇಯುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ಯಾರಿಗ ಯಕ್ಕಾ ಅದು?"

ಆಕೆ ನಾಚಿಕೊಂಡಳು. "ಯಾರಿಗೂ ಅಲ್ಲಬೇ. ಕೈ ಕೇಳವಲ್ದು. ದಿನಾ ಒಂದ ಬಡದಬಿಡತೈತಿ." ಆಮೇಲೆ ನನ್ನ ಅವತಾರ ನೋಡಿ ಎದ್ದಳು. "ಏನಾತು? ಕೂಸ ಹೆಂಗೈತಿ?"

ನಾನು ನೆಲದ ಮೇಲೆ ಕುಸಿದು ಕೂತೆ. "ಜ್ವರ ಬಿಡವಲ್ದು ಯಕ್ಕಾ. ನಂದ ತಪ್ಪು. ನಿನಗ ಕೊಟ್ಟಿದ್ದು ನಿನ್ನ ತವಡ ಅಲ್ಲ."

"ಗೊತ್ತೈತಿ" ಎಂದಳು ಆಕೆ. "ನಾ ಕೊಟ್ಟಿದ್ದು ನವಣಿ ಕುಟ್ಟಿದ ತವಡ. ನೀ ತಿರುಗಿ ಕೊಟ್ಟಿದ್ದು ಗೋದಿದು. ಒಕ್ಕಲಗಿತ್ತಿ ಕೈಗೆ ಅಷ್ಟು ತಿಳಿಯಂಗಿಲ್ಲೇನ?"

"ಮತ್ತ ಮುಟ್ಟಿತು ಅಂದಿ?"

"ಇಲ್ಲ ಅಂದಿದ್ರ ಏನಾಗತಿತ್ತಬೇ? ನಿಮ್ಮತ್ತಿ ಅಲ್ಲೇ ಬೀಳತಿದ್ಲು. ಕೂಸ ನನ್ನ ಹತ್ರನ ಉಳೀತಿತ್ತು." ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಒಂದ ಗಳಿಗಿ ನಾಲಿಗಿ ತುದಿಗೆ ಬಂದಿತ್ತು. ಸುಳ್ಳ ಹೇಳಂಗಿಲ್ಲ. ನನ್ನ ತವಡ ಎಲ್ಲಿ ಹೋತು?"

ಹೇಳಿದೆ. ಹಿಟ್ಟಿನ ಕೈ ಚಾಚಿದ್ದು, ಹುಡುಗಿ ಪಕ್ಕದಿಂದ ಹಾದು ಓಡಿದ್ದು, ಗಂಟು ಬಿಚ್ಚಿ ಸುರಿದದ್ದು. ಬೈಯುತ್ತಾಳೆ ಎಂದು ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದರೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಲುಗುತ್ತಿದ್ದಾಳೆ. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಯಾವ ಎಮ್ಮಿ? ನನ್ನ ಎಮ್ಮಿನಾ?"

"ಹೂಂ."

"ಏ ಹುಚ್ಚಿ! ನನ್ನ ತವಡ ನನ್ನ ಎಮ್ಮಿ ಹೊಟ್ಟಿಗೆ ಬಂದೈತಿ. ಇದಕ್ಕಿಂತ ಇನ್ನ ಹೆಂಗ ಮುಟ್ಟಬೇಕಬೇ? ಅವತ್ತಿನ ದಿನಾನ ನಿನ್ನ ಮಗಳು ನಿನಗ ಬಂದಾಳ. ಆ ಎಮ್ಮಿ ಹಾಲ ಕುಡದು ಬೆಳದಾಳ." ಕಣ್ಣೊರೆಸಿಕೊಂಡಳು. ನಗು ನಿಂತಿತ್ತು. "ಎರಡ ವರ್ಷ ನಾ ಪುಕ್ಕಟ ಅವ್ವ ಅನಿಸಿಕೊಂಡೀನಿ. ಆ ಋಣ ನಂದ ನಿನ್ನ ಮ್ಯಾಲಿಲ್ಲ, ನಿಂದ ನನ್ನ ಮ್ಯಾಲೈತಿ."

ಐದು ವರ್ಷದ ಅಳು ಒಮ್ಮೆಲೇ ಬಂತು. ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಾನು ಹೊಟ್ಟೆಕಿಚ್ಚು ಪಟ್ಟದ್ದನ್ನೂ ಹೇಳಿದೆ. "ಅದೂ ಗೊತ್ತೈತಿ" ಎಂದಳು. ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಕೊಂಡು, ಒಲೆಗೆ ನೀರು ಹೊಡೆದು, ಎಮ್ಮೆಗೆ ಮೇವು ಹಾಕಲು ಪಕ್ಕದವರಿಗೆ ಕೂಗಿ ಹೇಳಿದಳು. "ನಡಿ. ಮುಂದಿನ ಬಸ್ಸ ಸಿಗತೈತಿ."

ಮಧ್ಯಾಹ್ನ ಮೂರರ ಸುಮಾರಿಗೆ ಮನೆ ಮುಟ್ಟಿದೆವು. ನಮ್ಮ ಮನೆಯವರು ಹಣೆಯ ಮೇಲೆ ಒದ್ದೆ ಅರಿವೆ ಇಡುತ್ತ ಕೂತಿದ್ದರು. "ಬೆವರು ಬಂದೈತಿ, ಇಳಿಯಾಕತ್ತೈತಿ" ಎಂದು ಪಿಸುಗುಟ್ಟಿ ಎದ್ದರು. ನಾನು ತಲೆಯ ಹತ್ತಿರ ಕೂತೆ. ಯಕ್ಕ ಕಾಲ ಕಡೆ, ಗೋಡೆಗೆ ಆನಿಕೊಂಡು, ಹುಡುಗಿಯ ಕಣ್ಣಿಗೆ ಬೀಳಬಾರದು ಎನ್ನುವ ಹಾಗೆ ಮುದುಡಿ ಕೂತಳು. ಕೌದಿಯ ಮೇಲಿಂದಲೇ ಪಾದ ಒತ್ತಿದಳು. ರೊಟ್ಟಿಯ ಗಂಟು ಉಡಿಯಲ್ಲೇ ಇತ್ತು.

ಹುಡುಗಿ ಕಣ್ಣು ಮುಚ್ಚಿಕೊಂಡೇ ಮಗ್ಗುಲು ತಿರುಗಿದಳು. "ಅವ್ವಾ" ಎಂದಳು.

"ಓ" ಎಂದೆ ನಾನು. "ಓ" ಎಂದಳು ಯಕ್ಕ. ಇಬ್ಬರದೂ ಒಟ್ಟಿಗೇ ಬಂತು. ಯಕ್ಕ ನಾಲಿಗೆ ಕಚ್ಚಿಕೊಂಡು, ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡಿದಳು. ನಾನು ಕೈ ಚಾಚಿ ಆಕೆಯನ್ನು ಮುಂದಕ್ಕೆ ಎಳೆದುಕೊಂಡೆ.

ಹುಡುಗಿ ಕಣ್ಣು ತೆರೆದಳು. ಯಕ್ಕನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಹೊರಳಿಸಿ ನನ್ನ ಸೆರಗು ಹಿಡಿದಳು. ಈ ಸಲ ಜಗ್ಗಲಿಲ್ಲ.

"ಅವ್ವಾ," ಎಂದಳು ನನಗೆ, "ಅವ್ವ ಬಂದಾಳ ನೋಡು."

"ನೋಡಿದೆ ಯವ್ವಾ" ಎಂದೆ.